ಸದ್ದು ಮಾಡದ ಸಿಪಿಯು ಕೂಲರ್ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರುವುದು ಮಲಗುವ ಕೋಣೆಯಲ್ಲೇ. ಬೇರೆ ಜಾಗ ಇಲ್ಲ. ಮಗಳು ಒಂಬತ್ತೂವರೆಗೆ ಮಲಗುತ್ತಾಳೆ, ನನ್ನ ವಿಡಿಯೊ ಎಡಿಟಿಂಗ್ ಕೆಲಸ ಶುರುವಾಗುವುದೇ ಆಮೇಲೆ. ರೆಂಡರ್‌ಗೆ, ಅಂದರೆ ಎಡಿಟ್ ಮಾಡಿದ ವಿಡಿಯೊ ತಯಾರಾಗಲು, ಹಾಕಿ ಹತ್ತು ಸೆಕೆಂಡ್ ಆಗುವಷ್ಟರಲ್ಲಿ ಕ್ಯಾಬಿನೆಟ್ ಒಳಗಿನ ಫ್ಯಾನ್ ಪಕ್ಕದ ಮನೆಯಲ್ಲಿ ಯಾರೋ ಚಟ್ನಿ ರುಬ್ಬುತ್ತಿರುವ ಹಾಗೆ ಕೂಗುತ್ತಿತ್ತು. ಒಂದು ರಾತ್ರಿ ಅವಳು ನಿದ್ದೆಗಣ್ಣಲ್ಲೇ ಎದ್ದು ಕೂತು "ಅಪ್ಪಾ, ಅದನ್ನ ಆಫ್ ಮಾಡು" ಅಂದಳು. ಮಾರನೇ ವಾರ ಸಿಪಿಯು, ಅಂದರೆ ಪ್ರೊಸೆಸರ್, ಬಿಸಿಯೇರದ ಹಾಗೆ ನೋಡಿಕೊಳ್ಳುವ ಕೂಲರ್ ಬದಲಿಸಿದೆ. ಆಮೇಲೆ ನೆಂಟರು, ಗೆಳೆಯರು, ಆಫೀಸಿನವರು ಅಂತ ಎಷ್ಟೋ ಜನರಿಗೆ ಕೂಲರ್ ಆರಿಸಿ ಕೂರಿಸಿಕೊಟ್ಟಿದ್ದೇನೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು.

ಪ್ರೊಸೆಸರ್ ಜೊತೆಗೇ ಒಂದು ಕೂಲರ್ ಬಂದಿದೆಯಲ್ಲ, ಅದು ಸಾಕಾಗಲ್ವಾ?

ಪ್ರೊಸೆಸರ್ ಕೆಡದ ಹಾಗೆ ನೋಡಿಕೊಳ್ಳಲು ಸಾಕು. ಸದ್ದಿಲ್ಲದೆ ಓಡಲು ಸಾಲದು. ಪ್ರೊಸೆಸರ್ ಮಾಡುವ ಇಂಟೆಲ್ ಕಂಪನಿಯ ಬಾಕ್ಸ್‌ನಲ್ಲಿ ಬರುವ ಲ್ಯಾಮಿನಾರ್ ಆರ್‌ಎಂ1 ಇರಲಿ, ಇನ್ನೊಂದು ಕಂಪನಿ ಎಎಂಡಿಯ ರೈತ್ ಸ್ಟೆಲ್ತ್ ಇರಲಿ, ಎರಡೂ ಅಂಗೈ ಅಗಲದ ಲೋಹದ ತುಂಡು, ಮೇಲೊಂದು ಸಣ್ಣ ಫ್ಯಾನ್, ಅಷ್ಟೇ. ಲೋಹ ಕಡಿಮೆ ಇದ್ದಾಗ ಬಿಸಿ ತೆಗೆಯುವ ಕೆಲಸವೆಲ್ಲ ಫ್ಯಾನ್ ತಲೆ ಮೇಲೆ ಬೀಳುತ್ತದೆ. ಅದು ಜೋರಾಗಿ ತಿರುಗಲೇಬೇಕು.

ನಿಮ್ಮ ಕೆಲಸ ಮೇಲ್, ಟ್ಯಾಲಿ, ಬ್ರೌಸರ್ ಇಷ್ಟೇ ಆಗಿದ್ದರೆ ದುಡ್ಡು ಖರ್ಚು ಮಾಡಬೇಡಿ. ಕೆಳಗೆ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ಜೋರು ಅನ್ನುವ ಗೆರೆ) ಬಗ್ಗೆ ಬರೆದಿದ್ದೇನೆ, ಮೊದಲು ಅದನ್ನು ಮಾಡಿ ನೋಡಿ. ಎಷ್ಟೋ ಮನೆಗಳಲ್ಲಿ ಅದರಿಂದಲೇ ಸಮಸ್ಯೆ ಮುಗಿದಿದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್‌ಗಳಿಗೆ, ಎಎಂಡಿಯ ರೈಜನ್ 7000 ಸಾಲಿನಲ್ಲಿ ಎಕ್ಸ್ ಇರುವವಕ್ಕೆ ಬಾಕ್ಸ್‌ನಲ್ಲಿ ಕೂಲರ್ ಬರುವುದೇ ಇಲ್ಲ. ಅವಕ್ಕೆ ಬೇರೆ ಕೊಳ್ಳಲೇಬೇಕು.

ಸದ್ದು ಸಿಪಿಯು ಫ್ಯಾನಿನದೇ ಅಂತ ಗೊತ್ತಾಗುವುದು ಹೇಗೆ?

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು, ಆದರೆ ಜನ ಕೊಂಡ ಮೇಲೆ ಕೇಳುತ್ತಾರೆ. ಒಂದು ಹಳೇ ನ್ಯೂಸ್‌ಪೇಪರ್ ಹಾಳೆಯನ್ನು ಕೊಳವೆಯ ಹಾಗೆ ಸುತ್ತಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಫ್ಯಾನ್ ಹತ್ತಿರ, ರೆಕ್ಕೆಗೆ ತಾಗದ ಹಾಗೆ ಹಿಡಿಯಿರಿ. ಯಾವುದು ಗೊರಗುಡುತ್ತಿದೆ, ಯಾವುದು ಕೀರುತ್ತಿದೆ ಅಂತ ಬೇರೆ ಬೇರೆಯಾಗಿ ಕೇಳುತ್ತದೆ. ಡಾಕ್ಟರ ಸ್ಟೆತಸ್ಕೋಪ್ ಇದ್ದ ಹಾಗೆ.

ಹೀಗೆ ಕೇಳಿದಾಗ ಹಾರ್ಡ್ ಡಿಸ್ಕ್ ಕಟಕಟ ಅನ್ನುವುದು, ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಫ್ಯಾನ್ ಒಣಗಿ ಸದ್ದು ಮಾಡುವುದು, ಗ್ರಾಫಿಕ್ಸ್ ಕಾರ್ಡ್ ಹುಯ್ಯೆನ್ನುವುದು ಎಲ್ಲ ಸಿಕ್ಕಿಬೀಳುತ್ತವೆ. ನನ್ನ ಗೆಳೆಯನೊಬ್ಬ ದುಬಾರಿ ಕೂಲರ್ ತಂದು ಹಾಕಿದ ಮೇಲೂ ಸದ್ದು ಅಷ್ಟೇ ಇತ್ತು. ಹೋಗಿ ನೋಡಿದರೆ ಕ್ಯಾಬಿನೆಟ್‌ನ ಹಿಂದಿನ ಫ್ಯಾನಿನ ಬೇರಿಂಗ್ ಹೋಗಿತ್ತು. ಅದನ್ನೊಂದು ಬದಲಿಸಿದ್ದರೆ ಸಾಕಿತ್ತು. ಆಟ ಆಡುವಾಗ ಮಾತ್ರ ಸದ್ದು ಬರುತ್ತಿದ್ದರೆ ಮೊದಲ ಅನುಮಾನ ಗ್ರಾಫಿಕ್ಸ್ ಕಾರ್ಡ್ ಮೇಲಿರಲಿ.

ಟವರ್ ಕೂಲರ್ ಒಳಗಿನ ತಾಮ್ರದ ಕೊಳವೆಗಳು ಏನು ಮಾಡುತ್ತವೆ?

ಟವರ್ ಕೂಲರ್ ಅಂದರೆ ಗೋಪುರದ ಹಾಗೆ ಎತ್ತರಕ್ಕೆ ನಿಲ್ಲುವ ಲೋಹದ ರೆಕ್ಕೆಗಳ ಕೂಲರ್. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಮೈಯಿಂದ ನೀರು ತೊಟ್ಟಿಕ್ಕುತ್ತದಲ್ಲ, ಅದೇ ಕೆಲಸ ಇಲ್ಲೂ ನಡೆಯುತ್ತದೆ. ಕೊಳವೆಯ ಒಳಗೆ ಗಾಳಿ ತೆಗೆದು, ಚೂರೇ ಚೂರು ನೀರು ಹಾಕಿ ಮುಚ್ಚಿರುತ್ತಾರೆ. ಗಾಳಿ ಇಲ್ಲದ ಕಾರಣ ನೀರು ಕಡಿಮೆ ಬಿಸಿಗೇ ಆವಿಯಾಗುತ್ತದೆ. ಪ್ರೊಸೆಸರ್ ಕಡೆಯ ತುದಿಯಲ್ಲಿ ಆವಿಯಾದದ್ದು ಮೇಲೆ ಅಲ್ಯೂಮಿನಿಯಂ ರೆಕ್ಕೆಗಳಿರುವ ಕಡೆಗೆ ಹೋಗಿ, ಬಿಸಿ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಮೈ ದೀಪದ ಬತ್ತಿಯ ಹಾಗೆ ಆ ನೀರನ್ನು ಹೀರಿ ಮತ್ತೆ ಕೆಳಗೆ ತರುತ್ತದೆ. ಇಷ್ಟಕ್ಕೂ ಮೋಟಾರ್ ಇಲ್ಲ, ಸದ್ದು ಇಲ್ಲ. ಗಟ್ಟಿ ತಾಮ್ರದ ಸರಳಿಗಿಂತ ಎಷ್ಟೋ ಪಾಲು ಬೇಗ ಬಿಸಿ ಸಾಗುತ್ತದೆ. ಇದು ಕೆಡುವುದೂ ಅಪರೂಪ.

ದೊಡ್ಡ ಕೂಲರ್ ಅಂದರೆ ಸದ್ದು ಜಾಸ್ತಿ ಅಲ್ವಾ?

ಉಲ್ಟಾ. ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಲೋಹದ ಮೈ ಎಷ್ಟು ಅಗಲವೋ ಅಷ್ಟು ನಿಧಾನದ ಗಾಳಿ ಸಾಕು. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧ ಆದಂತೆ ಅನಿಸುತ್ತದೆ. ಅಂದರೆ 1,800 ಆರ್‌ಪಿಎಂನಿಂದ (ನಿಮಿಷಕ್ಕೆ ಸುತ್ತು) 900ಕ್ಕೆ ಬಂದರೆ ನೀವು ಕಳೆದುಕೊಳ್ಳುವ ಗಾಳಿಗಿಂತ ಗಳಿಸುವ ನೆಮ್ಮದಿ ತುಂಬಾ ದೊಡ್ಡದು. ಸದ್ದಿಲ್ಲದ ಕೂಲರ್ ಕೊಳ್ಳುವಾಗ ನಾವು ದುಡ್ಡು ಕೊಡುವುದು ಲೋಹಕ್ಕೆ. ಫ್ಯಾನ್ ಆಮೇಲಿನದು.

ಇನ್ನೊಂದು ವಿಷಯ. ಒಂದೇ ಥರದ ಎರಡು ಫ್ಯಾನ್ ಒಟ್ಟಿಗೆ ತಿರುಗಿದರೆ ಸದ್ದು ಎರಡು ಪಟ್ಟು ಅನಿಸುವುದಿಲ್ಲ, 3 ಡೆಸಿಬಲ್ ಮಾತ್ರ ಏರುತ್ತದೆ. ಹಾಗಾಗಿ ಎರಡು ಫ್ಯಾನ್ ನಿಧಾನಕ್ಕೆ ತಿರುಗುವುದು ಒಂದು ಫ್ಯಾನ್ ಜೋರಾಗಿ ತಿರುಗುವುದಕ್ಕಿಂತ ಸಾಮಾನ್ಯವಾಗಿ ಮೇಲು.

ಬಾಕ್ಸ್ ಮೇಲೆ "220 ವ್ಯಾಟ್", "250 ವ್ಯಾಟ್" ಅಂತ ಬರೆದಿರುತ್ತಾರೆ. ಅದನ್ನು ನಂಬಬಹುದಾ?

ಎರಡು ಕಂಪನಿಗಳ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಯಾವ ಕೋಣೆ, ಎಷ್ಟು ಸೆಖೆ, ಫ್ಯಾನ್ ಎಷ್ಟು ಜೋರು ಅನ್ನುವುದಕ್ಕೆಲ್ಲ ಒಂದೇ ಅಳತೆಗೋಲು ಇಲ್ಲ. ಡೆಸಿಬಲ್ ಸಂಖ್ಯೆಯದೂ ಇದೇ ಕಥೆ. ಎಷ್ಟು ದೂರದಿಂದ ಅಳೆದರು ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ನೀವು ನೋಡಬೇಕಾದದ್ದು ನಿಮ್ಮ ಪ್ರೊಸೆಸರ್ ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತದೆ ಅನ್ನುವುದನ್ನು. ಇಲ್ಲೂ ಬಾಕ್ಸ್ ಮೇಲಿನ ಒಂದೇ ಸಂಖ್ಯೆ ಸಾಲದು. ಇಂಟೆಲ್ ಐ5-12400 ಅಂದರೆ ಎಲ್ಲರೂ 65 ವ್ಯಾಟ್ ಅನ್ನುತ್ತಾರೆ, ಆದರೆ ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 117ರ ತನಕ ಹೋಗಲು ಅದಕ್ಕೆ ಅನುಮತಿ ಇದೆ. ಐ5-13600ಕೆಗೆ 125 ಮತ್ತು 181. ಐ7-14700ಕೆ 253ರ ತನಕ ಹೋಗುತ್ತದೆ. ಎಎಂಡಿ ಕಡೆಗೆ ಬಂದರೆ ರೈಜನ್ 5 7600 ಬಾಕ್ಸ್ ಮೇಲೆ 65, ಸಾಕೆಟ್‌ನಿಂದ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು) ಎಳೆಯುವ ಗರಿಷ್ಠ 88. ರೈಜನ್ 9 7950ಎಕ್ಸ್‌ಗೆ ಅದು 170 ಮತ್ತು 230. ಗರಿಷ್ಠ ಅಂದ ಮಾತ್ರಕ್ಕೆ ದಿನವೂ ಅಷ್ಟು ಎಳೆಯುತ್ತದೆ ಅಂತಲ್ಲ. ನನ್ನ 12400ರಲ್ಲಿ ರೆಂಡರ್ ವೇಳೆ ನಾನು ನೋಡುವುದು 75ರ ಆಸುಪಾಸು. ಎಚ್‌ಡಬ್ಲ್ಯುಇನ್ಫೋ ಅನ್ನುವ ಪುಕ್ಕಟೆ ತಂತ್ರಾಂಶ ಹಾಕಿಕೊಂಡು, ನಿಮ್ಮ ದಿನದ ಕೆಲಸವನ್ನೇ ಹತ್ತು ನಿಮಿಷ ಮಾಡಿ, "ಸಿಪಿಯು ಪ್ಯಾಕೇಜ್ ಪವರ್" ಅನ್ನುವ ಸಾಲು ನೋಡಿ. ಆ ಸಂಖ್ಯೆ ಹಿಡಿದುಕೊಂಡು ಅಂಗಡಿಗೆ ಹೋಗಿ.

ನನ್ನ ಲೆಕ್ಕ ಹೀಗಿದೆ. ನೂರು ವ್ಯಾಟ್ ಒಳಗಿದ್ದರೆ ನಾಲ್ಕು ಕೊಳವೆಯ, ಒಂದು 120 ಮಿ.ಮೀ. ಫ್ಯಾನಿನ ಒಂಟಿ ಟವರ್ ಸಾಕು. ನೂರು ದಾಟಿ ನೂರೆಂಬತ್ತರ ತನಕ ಜೋಡಿ ಟವರ್ ತಗೊಳ್ಳಿ. ಅದಕ್ಕೂ ಮೇಲೆ ಹೋದರೆ ಗಾಳಿಯಲ್ಲಿ ಎಷ್ಟೇ ದೊಡ್ಡ ಕೂಲರ್ ಹಾಕಿದರೂ ಸದ್ದು ಬಂದೇ ಬರುತ್ತದೆ. ಅಂಥವರು ಮೊದಲು ಪವರ್ ಲಿಮಿಟ್, ಅಂದರೆ ಪ್ರೊಸೆಸರ್ ಎಳೆಯಬಹುದಾದ ವ್ಯಾಟ್‌ನ ಮಿತಿ, ಇಳಿಸಬೇಕು, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸುಮ್ನೆ ಮಾಡೆಲ್ ಹೆಸರು ಹೇಳಿಬಿಡಿ, ಯಾವುದು ತಗೊಳ್ಳಲಿ?

ಒಂಟಿ ಟವರ್‌ನಲ್ಲಿ ಡೀಪ್‌ಕೂಲ್ ಎಜಿ400, ಅದರ ಅಣ್ಣ ಎಕೆ400, ಥರ್ಮಲ್‌ರೈಟ್ ಅಸಾಸಿನ್ ಎಕ್ಸ್ 120 ಎಸ್‌ಇ. ಮೂರರಲ್ಲಿ ಯಾವುದು ಕಡಿಮೆ ಬೆಲೆಗೆ ಸಿಕ್ಕರೂ ತಗೊಳ್ಳಿ. ನಾನು ಹಾಕಿರುವುದು ಎಕೆ400. ರಾತ್ರಿ ರೆಂಡರ್ ಓಡುವಾಗ 900 ಆರ್‌ಪಿಎಂ ಮೇಲೆ ಹೋಗುವುದಿಲ್ಲ, ಗೋಡೆ ಗಡಿಯಾರದ ಟಿಕ್ ಟಿಕ್ ಅದಕ್ಕಿಂತ ಜೋರಾಗಿ ಕೇಳುತ್ತದೆ.

ಜೋಡಿ ಟವರ್‌ನಲ್ಲಿ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ. ಆರು ಕೊಳವೆ, ಎರಡು ಫ್ಯಾನ್. ಕೊಟ್ಟ ದುಡ್ಡಿಗೆ ಇದರಷ್ಟು ಕೆಲಸ ಮಾಡುವ ಏರ್ ಕೂಲರ್ ನಾನು ನೋಡಿಲ್ಲ, ಇದನ್ನು ಮನಸಾರೆ ಹೇಳುತ್ತೇನೆ.

ನೋಕ್ಟುವಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಸ್ಟ್ರಿಯಾದ ಕಂಪನಿ, ಕಂದು-ಕೆನೆ ಬಣ್ಣದ ಫ್ಯಾನುಗಳಿಂದಲೇ ಗುರುತು ಸಿಗುತ್ತದೆ. ಅವರ ಎನ್‌ಎಚ್-ಡಿ15 2014ರಲ್ಲಿ ಬಂತು, ಹತ್ತು ವರ್ಷ ಕಳೆದು 2024ರಲ್ಲಿ ಅದರ ಎರಡನೇ ತಲೆಮಾರು ಬಂತು. ಇಷ್ಟು ವರ್ಷ ಒಂದು ಕೂಲರ್ ಮಾರುಕಟ್ಟೆಯಲ್ಲಿ ಹೆಸರು ಉಳಿಸಿಕೊಂಡದ್ದು ಸಣ್ಣ ಮಾತಲ್ಲ. ಆರು ವರ್ಷ ವಾರಂಟಿ ಕೊಡುತ್ತಾರೆ. ಹೊಸ ಸಾಕೆಟ್ ಬಂದಾಗ ಬಿಲ್ ತೋರಿಸಿದರೆ ಹೊಸ ಜೋಡಣೆ ಕಿಟ್ ಪುಕ್ಕಟೆ ಕಳಿಸಿದ ಉದಾಹರಣೆಗಳು ತುಂಬಾ ಇವೆ. ಬೆಲೆ ಮಾತ್ರ ಪೀರ್‌ಲೆಸ್ ಅಸಾಸಿನ್‌ಗಿಂತ ದುಪ್ಪಟ್ಟು, ಅದಕ್ಕೂ ಜಾಸ್ತಿ. ಬಿಸಿ ಇಳಿಸುವುದರಲ್ಲಿ ವ್ಯತ್ಯಾಸ ಕೆಲವೇ ಡಿಗ್ರಿ. ಫ್ಯಾನಿನ ಸದ್ದಿನ ಗುಣ ಮಾತ್ರ ಬೇರೆಯೇ. ಕೀರಲು ಇರುವುದಿಲ್ಲ, ಬರೀ ಗಾಳಿ ಬೀಸಿದ ಹಾಗೆ ಕೇಳುತ್ತದೆ. ಮನೆಯಲ್ಲೇ ಧ್ವನಿ ರೆಕಾರ್ಡ್ ಮಾಡುವವರಿಗೆ, ಒಂದೇ ಕೂಲರನ್ನು ಎರಡು ಮೂರು ಕಂಪ್ಯೂಟರ್‌ಗಳಿಗೆ ದಾಟಿಸಿಕೊಂಡು ಹೋಗುವವರಿಗೆ ಆ ದುಡ್ಡು ವ್ಯರ್ಥ ಅಲ್ಲ. ಉಳಿದವರಿಗೆ ಬೇಡ.

ನನ್ನ ಕ್ಯಾಬಿನೆಟ್‌ನಲ್ಲಿ ಹಿಡಿಸುತ್ತದಾ?

ಅಳೆಯದೆ ಕೊಳ್ಳಬೇಡಿ. ಕ್ಯಾಬಿನೆಟ್ ಕಂಪನಿಯ ಪುಟದಲ್ಲಿ ಸಿಪಿಯು ಕೂಲರ್ ಎತ್ತರ ಎಷ್ಟರ ತನಕ ಹಿಡಿಸುತ್ತದೆ ಅಂತ ಬರೆದಿರುತ್ತದೆ. ಹಳೇ ಕ್ಯಾಬಿನೆಟ್ ಆಗಿದ್ದರೆ, ಕೂಲರ್ ತೆಗೆದಾಗ ಮಕ್ಕಳ ಸ್ಟೀಲ್ ಸ್ಕೇಲ್ ತಗೊಂಡು ಪ್ರೊಸೆಸರ್‌ನ ಲೋಹದ ಮುಚ್ಚಳದಿಂದ ಪಕ್ಕದ ಬಾಗಿಲು ಕೂರುವ ಅಂಚಿನ ತನಕ ಅಳೆಯಿರಿ. ಎಜಿ400 ಎತ್ತರ 150 ಮಿ.ಮೀ., ಎಕೆ400 ಮತ್ತು ಪೀರ್‌ಲೆಸ್ ಅಸಾಸಿನ್ 155, ಎನ್‌ಎಚ್-ಡಿ15 165. ಅಳತೆಗಿಂತ ಮೂರ್ನಾಲ್ಕು ಮಿ.ಮೀ. ಜಾಗ ಉಳಿದಿರಲಿ.

ಎರಡನೆಯದು ರ್‍ಯಾಮ್. ಬಣ್ಣದ ಲೈಟ್ ಇರುವ ಎತ್ತರದ ರ್‍ಯಾಮ್ ಇದ್ದರೆ ಜೋಡಿ ಟವರಿನ ಮುಂದಿನ ಫ್ಯಾನ್ ಅದಕ್ಕೆ ತಾಗುತ್ತದೆ. ಎನ್‌ಎಚ್-ಡಿ15ರಲ್ಲಿ ಎರಡೂ ಫ್ಯಾನ್ ಹಾಕಿದರೆ ರ್‍ಯಾಮ್‌ಗೆ ಉಳಿಯುವುದು 32 ಮಿ.ಮೀ. ಮಾತ್ರ. ಫ್ಯಾನನ್ನು ಸ್ವಲ್ಪ ಮೇಲಕ್ಕೆ ಸರಿಸಬಹುದು, ಆದರೆ ಆಗ ಒಟ್ಟು ಎತ್ತರ ಜಾಸ್ತಿಯಾಗಿ ಬಾಗಿಲು ಮುಚ್ಚುವುದಿಲ್ಲ. ಒಂಟಿ ಟವರ್‌ಗಳಲ್ಲಿ ಈ ತಲೆನೋವು ಕಡಿಮೆ. ಪುಸ್ತಕದಷ್ಟೇ ತೆಳುವಾದ ಕ್ಯಾಬಿನೆಟ್ ಇದ್ದವರಿಗೆ ನೋಕ್ಟುವಾ ಎನ್‌ಎಚ್-ಎಲ್9 ಥರದ 37 ಮಿ.ಮೀ. ಎತ್ತರದ ಕೂಲರ್ ಇದೆ, ಆದರೆ ಅದನ್ನು 65 ವ್ಯಾಟ್ ಪ್ರೊಸೆಸರ್ ಮೇಲೆ ಮಾತ್ರ ಹಾಕಿ.

ಸಾಕೆಟ್ ಹೊಂದುತ್ತದಾ ಅಂತ ಹೇಗೆ ನೋಡುವುದು?

ಇಂಟೆಲ್‌ನ 12, 13, 14ನೇ ತಲೆಮಾರಿಗೆಲ್ಲ ಎಲ್‌ಜಿಎ 1700 ಸಾಕೆಟ್. ಅದರ ತೂತುಗಳ ನಡುವಿನ ಅಂತರ 78 ಮಿ.ಮೀ., ಅದಕ್ಕೂ ಹಿಂದಿನ ಎಲ್‌ಜಿಎ 1200, 1151ರಲ್ಲಿ 75. ಮೂರೇ ಮಿ.ಮೀ. ವ್ಯತ್ಯಾಸ, ಆದರೆ ಹಳೇ ಕೂಲರಿನ ಕಿಟ್ ಹಾಗೇ ಕೂರುವುದಿಲ್ಲ. ಆಮೇಲೆ ಬಂದ ಎಲ್‌ಜಿಎ 1851ಕ್ಕೆ 1700ರ ಕಿಟ್ ನಡೆಯುತ್ತದೆ. ಎಎಂಡಿಯಲ್ಲಿ ಎಎಂ4 ಸಾಕೆಟ್‌ಗೆ ಬಂದ ಹೆಚ್ಚಿನ ಕೂಲರ್‌ಗಳು ಎಎಂ5ಕ್ಕೂ ಕೂರುತ್ತವೆ. ಒಂದೇ ತೊಡಕು: ಎಎಂ5 ಬೋರ್ಡಿನ ಹಿಂಬದಿಯ ಪ್ಲೇಟ್ ತೆಗೆಯಲು ಬರುವುದಿಲ್ಲ, ಆದ್ದರಿಂದ ತನ್ನದೇ ಹಿಂಬದಿ ಪ್ಲೇಟ್ ಬೇಕೆನ್ನುವ ಹಳೇ ಕೂಲರ್ ಅದಕ್ಕೆ ಆಗುವುದಿಲ್ಲ.

ವಾಟರ್ ಕೂಲಿಂಗ್ ಹಾಕಿದರೆ ಸದ್ದೇ ಇರಲ್ಲ ಅಂತಾರೆ, ನಿಜವಾ?

ಇಲ್ಲ. ಅಲ್ಲಿ ಬಿಸಿ ನೀರು ತಣಿಯುವ ರೇಡಿಯೇಟರ್‌ಗೆ ಒಂದೋ ಎರಡೋ ಮೂರೋ ಫ್ಯಾನ್ ಇದ್ದೇ ಇರುತ್ತವೆ, ಜೊತೆಗೆ ಪಂಪಿನ ಸಣ್ಣ ಗುಂಯ್ ಸದ್ದು ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ. ಹಗಲು ಗೊತ್ತಾಗುವುದಿಲ್ಲ, ರಾತ್ರಿ ಹನ್ನೊಂದರ ಮೇಲೆ ಗೊತ್ತಾಗುತ್ತದೆ. 200 ವ್ಯಾಟ್ ದಾಟುವ ಪ್ರೊಸೆಸರ್‌ಗೆ 360 ಮಿ.ಮೀ. ರೇಡಿಯೇಟರ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದಕ್ಕಿಂತ ಕೆಳಗೆ ನನಗೆ ಏರ್ ಕೂಲರೇ ಇಷ್ಟ. ಪಂಪ್ ಒಂದು ದಿನ ನಿಂತರೆ ಇಡೀ ಘಟಕವೇ ಹೋಯಿತು. ಏರ್ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ, ಹೊಸದು ತಂದು ಸಿಕ್ಕಿಸಿದರೆ ಮುಗಿಯಿತು.

ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಇರುತ್ತದೆ. ಏನು ಮಾಡಲಿ?

ಕಲಬುರಗಿಯಲ್ಲಿರುವ ನಮ್ಮ ಭಾವ ಪ್ರತಿ ಏಪ್ರಿಲ್‌ನಲ್ಲಿ ಫೋನ್ ಮಾಡುತ್ತಾರೆ: "ಡಬ್ಬಿ ಭಾಳ ಕಾಯ್ಲಿಕತ್ತದ ನೋಡಪಾ." ಕೂಲರ್ ಮಾಡುವ ಕೆಲಸ ಕೋಣೆಯ ಗಾಳಿಗೆ ಬಿಸಿ ದಾಟಿಸುವುದು. ಕೋಣೆಗಿಂತ ತಣ್ಣಗೆ ಮಾಡಲು ಅದಕ್ಕೆ ಆಗುವುದಿಲ್ಲ. ಒಂದು ಕೂಲರ್ ನಿಮ್ಮ ಪ್ರೊಸೆಸರನ್ನು ಕೋಣೆಗಿಂತ 45 ಡಿಗ್ರಿ ಮೇಲೆ ಹಿಡಿದಿಡುತ್ತದೆ ಅಂದುಕೊಳ್ಳಿ. ಬೆಂಗಳೂರಿನ 27 ಡಿಗ್ರಿ ಕೋಣೆಯಲ್ಲಿ ಅದು 72 ತೋರಿಸುತ್ತದೆ. ಅದೇ ಕಂಪ್ಯೂಟರ್, ಅದೇ ಕೆಲಸ, ಕಲಬುರಗಿಯ 40 ಡಿಗ್ರಿ ಕೋಣೆಯಲ್ಲಿ 85. ಹೊರದೇಶದವರ ವಿಡಿಯೊ ನೋಡಿ ಅವರ 21 ಡಿಗ್ರಿ ಕೋಣೆಯ ಸಂಖ್ಯೆ ನಮಗೂ ಬರಲಿ ಅಂತ ಕಾಯಬಾರದು.

ಹಾಗಾಗಿ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ನಾನು ಮೇಲೆ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ದೊಡ್ಡ ಕೂಲರ್ ತಗೊಳ್ಳಿ. ಭಾವನಿಗೆ 65 ವ್ಯಾಟ್ ಪ್ರೊಸೆಸರ್‌ಗೇ ಜೋಡಿ ಟವರ್ ಹಾಕಿಸಿದೆ. ಆ ಊರಿನ ಬೇಸಿಗೆಯಲ್ಲಿ ಸೀಲಿಂಗ್ ಫ್ಯಾನ್, ಕೋಣೆ ತಂಪು ಮಾಡುವ ಕೂಲರ್ ಎರಡೂ ಓಡುತ್ತಿರುತ್ತವೆ, ಅದರ ಮಧ್ಯೆ ಕಂಪ್ಯೂಟರ್ ಸದ್ದು ಕೇಳುವುದೇ ಇಲ್ಲ. ಸದ್ದಿನ ಚಿಂತೆ ಅಲ್ಲಿ ಚಳಿಗಾಲದ ರಾತ್ರಿಗೆ ಮಾತ್ರ.

ಎಷ್ಟು ಡಿಗ್ರಿ ತನಕ ಚಿಂತೆ ಇಲ್ಲ?

ಈಗಿನ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 100ರ ಆಸುಪಾಸು, ರೈಜನ್ 7000ಕ್ಕೆ ಸಾಮಾನ್ಯವಾಗಿ 95 ಮೇಲಿನ ಮಿತಿ. ಅದಕ್ಕೆ ತಾಗಿದರೆ ತಾನೇ ವೇಗ ಇಳಿಸಿಕೊಂಡು ಬಚಾವಾಗುತ್ತದೆ. ನಾನು 80-85ರ ತನಕ ನೆಮ್ಮದಿಯಾಗಿರುತ್ತೇನೆ. 60 ಡಿಗ್ರಿಯಲ್ಲೇ ಇರಬೇಕು ಅಂತ ಫ್ಯಾನ್ ಕೂಗಿಸುವುದರಿಂದ ಏನೂ ಲಾಭ ಇಲ್ಲ. ರೈಜನ್ 7 7800ಎಕ್ಸ್3ಡಿ ಥರದವು ಎಳೆಯುವ ವ್ಯಾಟ್ ಕಡಿಮೆ ಇದ್ದರೂ, ಚಿಪ್ ಮೇಲೆ ಇನ್ನೊಂದು ಕ್ಯಾಶ್ ಅನ್ನುವ ಮೆಮೊರಿ ಪದರ ಇರುವುದರಿಂದ ಜಾಸ್ತಿ ಬಿಸಿ ತೋರಿಸುತ್ತವೆ. ಗಾಬರಿ ಬೇಡ.

ಕೂಲರ್ ಬದಲಿಸಿದೆ, ಆದರೂ ಫ್ಯಾನ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಯಾಕೆ?

ಇದೇ ನಿಜವಾದ ಕಿರಿಕಿರಿ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಮಳೆ ಸದ್ದಿಗೆ ನಿದ್ದೆ ಬರುವುದಿಲ್ಲವೇ? ಏರಿಳಿಯುವ ಸದ್ದಿಗೆ ಒಗ್ಗುವುದಿಲ್ಲ. ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೂ ಪ್ರೊಸೆಸರ್ ಅರೆಕ್ಷಣ 15-20 ಡಿಗ್ರಿ ಜಿಗಿದು ಇಳಿಯುತ್ತದೆ. ಮದರ್‌ಬೋರ್ಡ್ ಆ ಜಿಗಿತಕ್ಕೆಲ್ಲ ಫ್ಯಾನ್ ಓಡಿಸುತ್ತದೆ. ಆದರೆ ಅಷ್ಟು ದೊಡ್ಡ ಲೋಹದ ಗಟ್ಟಿ ಬಿಸಿಯಾಗಲು ನಿಮಿಷಗಳೇ ಬೇಕು. ಓಡುವ ಅಗತ್ಯವೇ ಇರಲಿಲ್ಲ.

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ. ಏಸುಸ್ ಬೋರ್ಡ್‌ನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎಂಎಸ್‌ಐಯಲ್ಲಿ ಹಾರ್ಡ್‌ವೇರ್ ಮಾನಿಟರ್ ಅಂತ ಇರುತ್ತದೆ. ನಾಲ್ಕು ಪಿನ್ನಿನ ಫ್ಯಾನ್ ಆಗಿದ್ದರೆ ಪಿಡಬ್ಲ್ಯುಎಂ ಆರಿಸಿ. ಆಮೇಲೆ ಫ್ಯಾನ್ ಕರ್ವ್ ಗೆರೆಯ ಮೇಲಿನ ಚುಕ್ಕಿಗಳನ್ನು ಎಳೆಯಿರಿ. ನನ್ನದು ಹೀಗಿದೆ: 60 ಡಿಗ್ರಿಯ ತನಕ ಶೇಕಡಾ 35ರಲ್ಲಿ ಅಲ್ಲಾಡದ ಮಟ್ಟಸ ಗೆರೆ, 75ಕ್ಕೆ 50, 85ಕ್ಕೆ 75, 92ಕ್ಕೆ ಪೂರ್ತಿ ನೂರು. ಮೊದಲ ಮಟ್ಟಸ ಗೆರೆಯೇ ಇದರ ಜೀವಾಳ. ದಿನದ ಮುಕ್ಕಾಲು ಹೊತ್ತು ಯಂತ್ರ ಅಲ್ಲೇ ಇರುತ್ತದೆ, ಫ್ಯಾನ್ ಒಂದೇ ವೇಗದಲ್ಲಿ ಇರುತ್ತದೆ. ಅದೇ ಪುಟದಲ್ಲಿ ಫ್ಯಾನ್ ಏರಲು, ಇಳಿಯಲು ಎಷ್ಟು ಸೆಕೆಂಡ್ ಕಾಯಬೇಕು ಅನ್ನುವ ಆಯ್ಕೆ ಇದ್ದರೆ ಏರಲು ಮೂರ್ನಾಲ್ಕು ಸೆಕೆಂಡ್, ಇಳಿಯಲು ಇನ್ನೂ ಸ್ವಲ್ಪ ಜಾಸ್ತಿ ಕೊಡಿ.

ಇನ್ನೊಂದು ಕೆಲಸ ರಾತ್ರಿ ಮಾಡಿ. ಬಾಗಿಲು ಹಾಕಿ, ಸೀಲಿಂಗ್ ಫ್ಯಾನ್ ನಿಲ್ಲಿಸಿ, ಸಿಪಿಯು ಫ್ಯಾನ್ ವೇಗವನ್ನು ಐದೈದರಂತೆ ಏರಿಸುತ್ತಾ ಕೂತು ಕೇಳಿ. ಒಂದು ವೇಗದಲ್ಲಿ ಇದ್ದಕ್ಕಿದ್ದಂತೆ ಗುಂಯ್ ಅನ್ನುವ ರಾಗ ಶುರುವಾಗುತ್ತದೆ, ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಮಾಯವಾಗುತ್ತದೆ. ನನ್ನದರಲ್ಲಿ ಅದು 1,050ರ ಹತ್ತಿರ, ಕ್ಯಾಬಿನೆಟ್ ತಗಡು ಜೊತೆಗೂಡಿ ಅದುರುವುದರಿಂದ. ಗೆರೆ ಆ ವೇಗದಲ್ಲಿ ನಿಲ್ಲದ ಹಾಗೆ ಹಾಕಿಕೊಂಡಿದ್ದೇನೆ. ಯಾವ ವಿಮರ್ಶೆಯಲ್ಲೂ ಇದು ಸಿಗುವುದಿಲ್ಲ, ನಿಮ್ಮ ಡಬ್ಬದ ಸದ್ದು ನಿಮ್ಮ ಕಿವಿಗೇ ಗೊತ್ತು.

ಪವರ್ ಲಿಮಿಟ್ ಇಳಿಸಿದರೆ ಕಂಪ್ಯೂಟರ್ ನಿಧಾನ ಆಗಲ್ವಾ?

ಆಗುತ್ತದೆ, ಆದರೆ ಹೆಚ್ಚಿನ ಕೆಲಸದಲ್ಲಿ ಗೊತ್ತಾಗದಷ್ಟು. ಕೊನೆಯ ಚೂರು ವೇಗಕ್ಕೆ ಈ ಪ್ರೊಸೆಸರ್‌ಗಳು ಎಳೆಯುವ ಕರೆಂಟ್ ಲೆಕ್ಕಕ್ಕೇ ಸಿಗುವುದಿಲ್ಲ. ರೈಜನ್‌ನಲ್ಲಿ ಇಕೋ ಮೋಡ್ ಅಂತಲೇ ಇದೆ, 65 ವ್ಯಾಟ್ ಆರಿಸಿ. ಇಂಟೆಲ್ ಬೋರ್ಡ್‌ಗಳಲ್ಲಿ ಪಿಎಲ್1, ಪಿಎಲ್2 ಅನ್ನುವ ಎರಡು ಸಂಖ್ಯೆ ಇರುತ್ತವೆ, ಮೊದಲನೆಯದು ದೀರ್ಘ ಹೊತ್ತಿನದು, ಎರಡನೆಯದು ಸ್ವಲ್ಪ ಹೊತ್ತಿನದು. ಕೆಲವು ಬೋರ್ಡ್‌ಗಳು ಎರಡನ್ನೂ ಮಿತಿಯೇ ಇಲ್ಲದ ಹಾಗೆ ಇಟ್ಟಿರುತ್ತವೆ, ಹೊಸ ಕಂಪ್ಯೂಟರ್ ಸುಮ್ಸುಮ್ನೆ ಬಿಸಿಯಾಗಲು ಇದೂ ಒಂದು ಕಾರಣ. 14700ಕೆ ಇರುವ ಗೆಳತಿಯೊಬ್ಬರಿಗೆ ಎರಡನ್ನೂ 150ಕ್ಕೆ ಇಳಿಸಿಕೊಟ್ಟೆ. ಒಂದು ರೂಪಾಯಿ ಖರ್ಚಿಲ್ಲದೆ ಅವರ ಕೋಣೆ ಶಾಂತವಾಯಿತು.

ಥರ್ಮಲ್ ಪೇಸ್ಟ್ ಎಷ್ಟು ಹಾಕಬೇಕು?

ಪ್ರೊಸೆಸರ್‌ನಿಂದ ಕೂಲರ್‌ಗೆ ಬಿಸಿ ದಾಟಿಸುವ ಈ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ಪ್ರೊಸೆಸರ್ ಮುಚ್ಚಳದ ನಡುವೆ. ಒತ್ತಿದಾಗ ತಾನೇ ಹರಡುತ್ತದೆ. ಹಳೇ ಇಂಟೆಲ್‌ಗಿಂತ ಎಲ್‌ಜಿಎ 1700 ಪ್ರೊಸೆಸರ್ ಉದ್ದ ಇರುವುದರಿಂದ ಅದಕ್ಕೆ ಉದ್ದಕ್ಕೆ ಒಂದು ಸಣ್ಣ ಗೆರೆ ಎಳೆದರೆ ಇನ್ನೂ ಒಳ್ಳೆಯದು. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಕೂಲರಿನ ತಳಕ್ಕೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಿತ್ತುಹಾಕುವುದನ್ನು ಮರೆಯಬೇಡಿ. ಹೊಸ ಕೂಲರ್ ಹಾಕಿದ ತಕ್ಷಣ 95 ಡಿಗ್ರಿ ಮುಟ್ಟಿತು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಆ ಹಾಳೆಯ ಬಗ್ಗೆ.

ನಾನೇ ಕೂರಿಸಬಹುದಾ?

ಖಂಡಿತ. ಒಂದು ಗಂಟೆ ಬಿಡುವು, ಉದ್ದ ಕಡ್ಡಿಯ ಸ್ಕ್ರೂಡ್ರೈವರ್ ಇದ್ದರೆ ಸಾಕು. ಹಿಂಬದಿ ಪ್ಲೇಟ್ ಹಾಕಬೇಕಾದ ಕೂಲರ್‌ಗಳಿಗೆ ಮದರ್‌ಬೋರ್ಡ್ ಹಿಂದೆ ಕ್ಯಾಬಿನೆಟ್‌ನಲ್ಲಿ ಕಿಂಡಿ ಇದೆಯಾ ನೋಡಿ. ಇಲ್ಲದಿದ್ದರೆ ಬೋರ್ಡ್ ಹೊರಗೆ ತೆಗೆಯಬೇಕು.

ಎಎಂ4 ರೈಜನ್ ಇರುವವರು ಮಾತ್ರ ಇದನ್ನು ಗಮನವಿಟ್ಟು ಓದಿ. ಅದರ ಪಿನ್ನುಗಳು ಪ್ರೊಸೆಸರ್ ತಳದಲ್ಲೇ ಇವೆ. ಹಳೇ ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನಾನು ಒಮ್ಮೆ ಹಾಗೇ ಮೇಲಕ್ಕೆ ಎಳೆದೆ. ಲಾಕ್ ಹಾಕಿದ್ದ ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತು ಬಂತು, ಮೂಲೆಯ ನಾಲ್ಕು ಪಿನ್ ಬಾಗಿದ್ದವು. ಮಗಳ ಸೀಸದ ಪೆನ್ಸಿಲ್‌ನಲ್ಲಿ, ಒತ್ತಿದರೆ ಕಡ್ಡಿ ಬರುವಂಥದ್ದು, ಕಡ್ಡಿ ತೆಗೆದು ಅದರ ಮೂತಿಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಪುಣ್ಯಕ್ಕೆ ಓಡಿತು. ನೀವು ಹಾಗೆ ಮಾಡಬೇಡಿ. ತೆಗೆಯುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಜೋರು ಕೆಲಸಕ್ಕೆ ಹಾಕಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಬಾಟಲಿ ಮುಚ್ಚಳ ತಿರುಗಿಸುವ ಹಾಗೆ ಆ ಕಡೆ ಈ ಕಡೆ ನಿಧಾನಕ್ಕೆ ಹೊರಳಿಸಿ, ಬಿಟ್ಟುಕೊಂಡ ಮೇಲೆ ಎತ್ತಿ.

ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿ ಮಾಡಬೇಡಿ, ಎರಡು ಸುತ್ತು ಇದಕ್ಕೆ, ಎರಡು ಸುತ್ತು ಎದುರಿನದಕ್ಕೆ. ಫ್ಯಾನಿನಲ್ಲಿ ಪ್ಲಾಸ್ಟಿಕ್ ಕಾಲುಗಳು ಕಾಣುವ ಕಡೆಯಿಂದ ಗಾಳಿ ಹೊರಗೆ ಬರುತ್ತದೆ. ಆ ಗಾಳಿ ಕ್ಯಾಬಿನೆಟ್‌ನ ಹಿಂಬದಿಗೆ ಹೋಗುವ ಹಾಗಿರಲಿ. ವೈರನ್ನು ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಅಂತ ಬರೆದಿರುವ ಕಡೆಗೇ ಹಾಕಿ, ಬೇರೆ ಕಡೆ ಹಾಕಿದರೆ ಫ್ಯಾನ್ ಇಲ್ಲ ಅಂತ ಬೋರ್ಡ್ ತಕರಾರು ಮಾಡುತ್ತದೆ.

ಧೂಳಿಗೆ ಏನು ಮಾಡುವುದು?

ನಮ್ಮ ರಸ್ತೆಯಲ್ಲಿ ವರ್ಷವಿಡೀ ಅಗೆತ ನಡೆಯುತ್ತದೆ, ಮೂರು ತಿಂಗಳಿಗೆ ಕೂಲರ್ ರೆಕ್ಕೆಗಳ ನಡುವೆ ಕಂಬಳಿಯಂತೆ ಧೂಳು ಕೂತಿರುತ್ತದೆ. ಬ್ಲೋವರ್‌ನಿಂದ ಊದಿ, ಆದರೆ ಊದುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ. ದೇವರ ಕೋಣೆ, ಅಡುಗೆಮನೆ ಪಕ್ಕ ಕಂಪ್ಯೂಟರ್ ಇದ್ದರೆ ಎಣ್ಣೆ, ಊದುಬತ್ತಿ ಹೊಗೆ ಸೇರಿ ಧೂಳು ಜಿಡ್ಡಾಗುತ್ತದೆ. ಅದು ಊದಿದರೆ ಹೋಗುವುದಿಲ್ಲ, ಮೃದುವಾದ ಪೇಂಟ್ ಬ್ರಷ್ ಬೇಕು.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಏರ್ ಕೂಲರ್ ಆದರೆ ತಗೊಳ್ಳಿ, ವಾಟರ್ ಕೂಲರ್ ಆದರೆ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಟವರ್ ಕೂಲರ್‌ಗಳು ಒಳ್ಳೆ ಬೆಲೆಗೆ ಸಿಗುತ್ತವೆ. ಲೋಹ ಹಳತಾಗುವುದಿಲ್ಲ, ಫ್ಯಾನ್ ಬೇಕಾದರೆ ಹೊಸದು ಹಾಕಬಹುದು. ಕೊಳವೆ ಎಲ್ಲಾದರೂ ನೆಗ್ಗಿದೆಯಾ, ತಳದಲ್ಲಿ ಗೀರು ಬಿದ್ದಿದೆಯಾ ನೋಡಿ. ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಸದ್ದಿಲ್ಲದೆ ತಿರುಗಿ ನಿಲ್ಲಬೇಕು. ಮುಖ್ಯವಾಗಿ, ಜೋಡಣೆ ಕಿಟ್ ಪೂರ್ತಿ ಇದೆಯಾ ಅಂತ ಕೌಂಟರ್ ಮೇಲೆ ಸುರಿದು ಎಣಿಸಿ: ನಿಮ್ಮ ಸಾಕೆಟ್‌ನ ಪಟ್ಟಿ ಎರಡು, ಸ್ಕ್ರೂ ನಾಲ್ಕು, ಫ್ಯಾನ್ ಹಿಡಿಯುವ ತಂತಿ ಕ್ಲಿಪ್ ಎರಡು, ಇಂಟೆಲ್ ಆದರೆ ಹಿಂಬದಿ ಪ್ಲೇಟ್ ಒಂದು. ಒಂದು ಸ್ಕ್ರೂ ಕಡಿಮೆ ಇದ್ದರೂ ಅಂಗಡಿಯಲ್ಲೇ ಹುಡುಕಿಸಿ, ಮನೆಗೆ ತಂದ ಮೇಲೆ ಆ ಅಳತೆಯ ಸ್ಕ್ರೂ ಬೇರೆಲ್ಲೂ ಸಿಗುವುದು ಕಷ್ಟ.